ಕಳೆದುಹೋದ ಒಂಬತ್ತು ವೋಲ್ಟು

ಮಂಗಳೂರಿನ ನಂತೂರು ಪದವಿನ ಹಿಂಬದಿಯಲ್ಲಿ ಮನೆಯೊಂದರ ಪಾಯಕ್ಕೆ ಗುಡ್ಡ ತಗ್ಗಿಸುವ ಕೆಲಸ ನಡೆದಿತ್ತು. ದೀಪಾವಳಿ ಮುಗಿದು ಮಳೆ ಪೂರ್ತಿ ಬಿಟ್ಟ ದಿನಗಳು. ಮಧ್ಯಾಹ್ನ ಎರಡೂಕಾಲಕ್ಕೆ ನಮ್ಮ ಆಪರೇಟರ್ ಫೋನು ಮಾಡಿದ. ಬಾಗಲಕೋಟೆ ಕಡೆಯ ಹುಡುಗ, ಮಾತು ಕಡಿಮೆ.

“ಸರ, ಮತ್ತ ಅದ ಕತಿರೀ. ಚಾವಿ ತಿರುವಿದ್ರ ಟಕ್ ಅಂತೈತಿ. ಮುಂದ ಏನೂ ಇಲ್ಲ.”

ಆ ತಿಂಗಳಲ್ಲಿ ಅದು ಆರನೆಯ ಸಲ. ಯಂತ್ರ ನನ್ನದು, ಚೈನಿನ ಮೇಲೆ ನಡೆಯುವಂಥದ್ದು. ನಮ್ಮೂರಲ್ಲಿ ಚಕ್ರ ಇದ್ದರೆ ಜೆಸಿಬಿ, ಚೈನು ಇದ್ದರೆ ಹಿಟಾಚಿ, ಯಾವ ಕಂಪನಿಯದ್ದಾದರೂ ಸರಿ. ನನ್ನದು ಯಾವ ಕಂಪನಿಯದ್ದೆಂದು ಹೇಳುವ ಅಗತ್ಯವಿಲ್ಲ, ಏಕೆಂದರೆ ತಪ್ಪು ಕಂಪನಿಯದ್ದಾಗಿರಲಿಲ್ಲ. ಬಾಡಿಗೆ ಗಂಟೆ ಲೆಕ್ಕದಲ್ಲಿ. ಎಂಜಿನ್ ಓಡದಿದ್ದರೆ ಅವರ್ ಮೀಟರ್ ಓಡುವುದಿಲ್ಲ, ಆದರೆ ಮಣ್ಣು ಹೊರಲು ಬಂದ ಎರಡು ಟಿಪ್ಪರ್‌ಗಳ ಬಾಡಿಗೆ ಓಡುತ್ತಲೇ ಇರುತ್ತದೆ. ನಾನು ಸ್ಕೂಟರ್ ಹತ್ತಿ ಮಲ್ಲಿಕಟ್ಟೆಯಿಂದ ನಂತೂರಿಗೆ ಬರುವಷ್ಟರಲ್ಲಿ ಮತ್ತೆ ಫೋನು. “ಚಾಲೂ ಆತ್ರಿ.” ಯಾರೂ ಏನೂ ಮಾಡಿರಲಿಲ್ಲ. ತನ್ನಷ್ಟಕ್ಕೆ ನಿಂತದ್ದು ತನ್ನಷ್ಟಕ್ಕೇ ಹೊರಟಿತ್ತು.

ಪೂರ್ತಿ ಕೆಟ್ಟ ಯಂತ್ರವನ್ನು ರಿಪೇರಿ ಮಾಡುವುದು ಸುಲಭ. ಅದು ಕೆಟ್ಟೇ ಕೂತಿರುತ್ತದೆ, ಹುಡುಕುವವನಿಗೆ ಕಾಯುತ್ತದೆ. ಆಗೊಮ್ಮೆ ಈಗೊಮ್ಮೆ ಕೈಕೊಡುವ ಯಂತ್ರ ಹಾಗಲ್ಲ. ಮೆಕ್ಯಾನಿಕ್ ಬಂದ ಗಳಿಗೆಯಲ್ಲಿ ಅದಕ್ಕೆ ಯಾವ ರೋಗವೂ ಇರುವುದಿಲ್ಲ. ಹಾಗಾಗಿ ಅವನು ಅಂದಾಜಿನ ಮೇಲೆ ಏನೋ ಒಂದನ್ನು ಬದಲಿಸುತ್ತಾನೆ. ನಮ್ಮಲ್ಲಿ ಮೊದಲು ಬ್ಯಾಟರಿ ಬದಲಾಯಿತು, ಎರಡೂ. ಆಮೇಲೆ ಸೆಲ್ಫ್ ಬಿಚ್ಚಿ ಕಾರ್ಬನ್, ಬುಷ್ ಹಾಕಿಸಿದೆವು. ಬಳಿಕ ರಿಲೇ, ಅದಾದ ಮೇಲೆ ಚಾವಿಯ ಸ್ವಿಚ್ಚು. ಸೀಟಿನ ಎಡಬದಿಯ ಲಾಕ್ ಲಿವರ್ ಮೇಲೆತ್ತದಿದ್ದರೆ ಸೆಲ್ಫ್‌ಗೆ ಕರೆಂಟೇ ಹೋಗದಂತೆ ಕಾಯುವ ಪುಟ್ಟ ಸ್ವಿಚ್ಚೊಂದಿದೆ, ಅದನ್ನೂ ಬಿಡಲಿಲ್ಲ. ಪ್ರತಿ ಸಲವೂ ಯಂತ್ರ ನಾಲ್ಕೈದು ದಿನ ಚೆನ್ನಾಗಿ ಹೊರಟಿತು. ಪ್ರತಿ ಸಲವೂ ಬದಲಿಸಿದವರು, ನೋಡಿ, ಅದೇ ಇದ್ದದ್ದು ಎಂದರು. ಆರನೆಯ ದಿನ ಮತ್ತೆ ಟಕ್.

ಆ ನಾಲ್ಕೈದು ದಿನಗಳ ಗುಣವೇ ನಮ್ಮನ್ನು ಹೆಚ್ಚು ದಾರಿ ತಪ್ಪಿಸಿತು. ಅದರ ಕಾರಣ ಮುಂದೆ ಗೊತ್ತಾಯಿತು.

ಕೊನೆಗೆ ಪಡೀಲು ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್ಕನ್ನು ಕರೆದೆ. ಎಲ್ಲರೂ ಮಾಮ ಎಂದೇ ಕರೆಯುವುದು. ಲಾರಿಗಳ ಕಾಲದವರು, ಈಗ ಕೈ ಸ್ವಲ್ಪ ನಡುಗುತ್ತದೆ. ಬಂದವರು ಸ್ಪ್ಯಾನರ್ ಪೆಟ್ಟಿಗೆಯನ್ನು ಸ್ಕೂಟರಿನಿಂದ ಇಳಿಸಲೇ ಇಲ್ಲ.

“ಸ್ಟಾರ್ಟ್ ಆಗುವುದಿಲ್ಲ ಅಂದರೆ ಎಂತ? ಸೆಲ್ಫ್ ತಿರುಗಿ ಎಂಜಿನ್ ಹಿಡಿಯುವುದಿಲ್ಲವಾ, ಸೆಲ್ಫೇ ತಿರುಗುವುದಿಲ್ಲವಾ?”

“ಸೆಲ್ಫೇ ತಿರುಗುವುದಿಲ್ಲ ಮಾಮ.”

“ಹಾಗಾದರೆ ಡೀಸೆಲ್ ಕಡೆಗೆ ಹೋಗುವುದೇ ಬೇಡ.”

ಇಷ್ಟನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ನಂತೂರು ಸರ್ಕಲ್ಲಿನಲ್ಲಿ ಒಂದು ಕಡೆ ಕೆಪಿಟಿ, ಒಂದು ಕಡೆ ಪಂಪ್‌ವೆಲ್, ಒಂದು ಕಡೆ ಬಿಕರ್ನಕಟ್ಟೆ, ಇನ್ನೊಂದು ಕಡೆ ಮಲ್ಲಿಕಟ್ಟೆ. ಅಲ್ಲಿ ತಪ್ಪು ದಾರಿ ಹಿಡಿದರೆ ಎಷ್ಟು ಚೆಂದ ಗಾಡಿ ಓಡಿಸಿದರೂ ಸೇರಬೇಕಾದಲ್ಲಿಗೆ ಸೇರುವುದಿಲ್ಲ. ಇಲ್ಲಿಯೂ ಹಾಗೆ. ಸೆಲ್ಫ್ ಗಿರಗಿರ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ಹುಡುಕಬೇಕಾದ್ದು ಡೀಸೆಲ್ ದಾರಿಯಲ್ಲಿ: ಎಲ್ಲೋ ಪೈಪಿನ ಸೀಳಿನಿಂದ ಏರ್ ಹಿಡಿದಿರಬಹುದು, ನೀರು ಬೇರ್ಪಡಿಸುವ ಬಟ್ಟಲಿನ ರಿಂಗ್ ಹೋಗಿರಬಹುದು, ಟ್ಯಾಂಕಿನೊಳಗೆ ಬಿದ್ದ ಪ್ಲಾಸ್ಟಿಕ್ ಚೂರು ಆಗಾಗ ಪೈಪಿನ ಬಾಯಿ ಮುಚ್ಚುತ್ತಿರಬಹುದು. ಸೆಲ್ಫೇ ತಿರುಗದಿದ್ದರೆ ದಾರಿ ಕರೆಂಟಿನದು. ನಾವೋ ಒಮ್ಮೆ ಡೀಸೆಲ್ ಫಿಲ್ಟರನ್ನೂ ಬದಲಿಸಿದ್ದೆವು.

ಸೆಲ್ಫ್ ಎಂಬ ಹೆಸರಿಗೆ ಒಂದು ಕತೆ ಇದೆ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ. ರುಡಾಲ್ಫ್ ಡೀಸೆಲ್ 1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ್ದು ಇದನ್ನೇ. ಗಾಳಿಯನ್ನು ಬಲವಾಗಿ ಒತ್ತಿದರೆ ಅದು ಕಾಯುತ್ತದೆ, ಕಾದ ಗಾಳಿಗೆ ಎಣ್ಣೆ ಚಿಮ್ಮಿದರೆ ತಾನೇ ಹತ್ತಿಕೊಳ್ಳುತ್ತದೆ. ಆದರೆ ಮೊದಲ ಆ ಒತ್ತುವಿಕೆಗೆ ಹೊರಗಿನ ಬಲ ಬೇಕು, ಅದೂ ವೇಗವಾಗಿ. ನಿಧಾನವಾಗಿ ತಿರುಗಿಸಿದರೆ ಗಾಳಿ ಕಾಯುವ ಮೊದಲೇ ಬಿಸಿ ಕಬ್ಬಿಣಕ್ಕೆ ಇಳಿದುಹೋಗುತ್ತದೆ. ಹಿಂದೆ ಕಾರು ಲಾರಿಗಳಿಗೆ ಹ್ಯಾಂಡಲ್ ಹೊಡೆಯುತ್ತಿದ್ದರು, ಹ್ಯಾಂಡಲ್ ಹಿಂದಕ್ಕೆ ಒದ್ದು ಮಣಿಕಟ್ಟು ಮುರಿದವರು ಲೋಕದ ಎಲ್ಲ ಊರುಗಳಲ್ಲೂ ಇದ್ದರು. ಈ ಹ್ಯಾಂಡಲಿನ ಕಾಟ ತಪ್ಪಿಸಿದ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಅದಕ್ಕೂ ಮುಂಚೆ ಅಂಗಡಿಗಳ ಕ್ಯಾಶ್ ರಿಜಿಸ್ಟರನ್ನು ಕರೆಂಟಿನಿಂದ ಓಡಿಸುವ ಕೆಲಸದಲ್ಲಿದ್ದವರು. ಅಲ್ಲಿ ಅವರಿಗೆ ಹೊಳೆದದ್ದು: ಮೋಟಾರು ಇಡೀ ದಿನ ಓಡಬೇಕಿಲ್ಲ, ಕೆಲವೇ ಕ್ಷಣ ತನ್ನ ಶಕ್ತಿ ಮೀರಿ ದುಡಿದರೆ ಸಾಕು, ಹಾಗಾದರೆ ಅದು ಚಿಕ್ಕದಾಗಿರಬಹುದು. 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಆ ಮೋಟಾರು ಬಂತು. ತಾನೇ ಸ್ಟಾರ್ಟ್ ಮಾಡುವುದರಿಂದ ಸೆಲ್ಫ್ ಸ್ಟಾರ್ಟರ್. ಇಂಗ್ಲಿಷರು ಆ ಹೆಸರಿನ ಮುಂಭಾಗ ಕೈಬಿಟ್ಟರು, ನಮ್ಮ ಗ್ಯಾರೇಜುಗಳು ಹಿಂಭಾಗ ಕೈಬಿಟ್ಟವು.

ಕೆಲವೇ ಕ್ಷಣ ಶಕ್ತಿ ಮೀರಿ ದುಡಿಯುವುದು. ಈ ಮಾತನ್ನು ನೆನಪಿಟ್ಟುಕೊಳ್ಳಬೇಕು, ನಮ್ಮ ಕಳ್ಳ ಅಡಗಿದ್ದು ಅದರಲ್ಲೇ.

ಮಾಮ ಅಂದು ಏನನ್ನೂ ಬಿಚ್ಚಲಿಲ್ಲ. ಆಪರೇಟರನ್ನು ಹತ್ತಿರ ಕರೆದು, “ನಿನಗೆ ಬರೆಯಲು ಬರುತ್ತದಲ್ಲ ಮಾರಾಯ? ಒಂದು ಪುಸ್ತಕ ಇಟ್ಟುಕೋ. ನಿಂತಾಗಲೂ ಬರಿ, ಸರಿ ಹೊರಟಾಗಲೂ ಬರಿ. ಎಂತ ಕಂಡಿತೋ ಅದನ್ನೇ ಬರಿ, ಕಾರಣ ಬರೆಯಬೇಡ” ಎಂದರು. ನನ್ನ ಕಡೆ ತಿರುಗಿ, “ನೀವು ಹತ್ತು ದಿನ ಎಂತದೂ ಬದಲಿಸಬೇಡಿ. ಬದಲಿಸಿದರೆ ನಾನು ಬರುವುದಿಲ್ಲ” ಎಂದರು.

ಹತ್ತು ದಿನ ಸುಮ್ಮನಿರುವುದು ನನಗೆ ಕಷ್ಟವಾಯಿತು. ಆ ನಡುವೆ ಇನ್ನೂ ಮೂರು ಸಲ ಯಂತ್ರ ನಿಂತಿತು. ಹುಡುಗ ನಲವತ್ತು ಪುಟದ ಶಾಲೆಯ ಪುಸ್ತಕವೊಂದನ್ನು ಸೀಟಿನ ಹಿಂದೆ ಸಿಕ್ಕಿಸಿಕೊಂಡು ಬರೆಯುತ್ತ ಹೋದ. ಹನ್ನೊಂದನೆಯ ದಿನ ಮಾಮ ಅದನ್ನು ಹಿಡಿದು ಹಲಸಿನ ಮರದಡಿ ಕೂತರು. ಪಕ್ಕದಲ್ಲಿ ಕೂತು ನಾನೂ ಓದಿದೆ. ನನ್ನದೇ ಯಂತ್ರದ ಬಗ್ಗೆ ನನಗೆ ಗೊತ್ತಿಲ್ಲದ್ದು ಅಲ್ಲಿ ಎಷ್ಟೊಂದಿತ್ತು.

ಮುಂಜಾನೆ ಏಳಕ್ಕೆ ಒಮ್ಮೆಯೂ ತಕರಾರಿಲ್ಲ. ನಿಂತದ್ದೆಲ್ಲ ಊಟದ ಬಿಡುವಿನ ಮೇಲೆ, ಎಂಜಿನ್ ಬಂದ್ ಮಾಡಿ ಅರ್ಧ ಗಂಟೆಯೊಳಗೆ ಚಾವಿ ತಿರುವಿದಾಗ. ಒಂದೂವರೆ ಗಂಟೆ ಬಿಟ್ಟು ತಿರುವಿದ ದಿನ ಸಲೀಸಾಗಿ ಹೊರಟಿತ್ತು. ಇದು ಬಿಸಿಯ ಸಂಗತಿ ಎಂದು ನಾನೂ ಹೇಳಬಲ್ಲವನಾಗಿದ್ದೆ. ಆದರೆ ಪುಸ್ತಕದಲ್ಲಿ ಇನ್ನೊಂದಿತ್ತು. ಬಕೆಟ್ ಕಟ್ಟಿದ ದಿನಗಳಲ್ಲಿ ಅದು ನಿಂತದ್ದೇ ಇಲ್ಲ. ಮೂರೂ ಸಲ ನಿಂತದ್ದು ಬ್ರೇಕರ್ ಕಟ್ಟಿದ ದಿನ.

ಪದವು ಎಂದರೆ ಕೆಂಪುಕಲ್ಲಿನ ಹಾಸು. 1800–01ರಲ್ಲಿ ಮೈಸೂರು, ಕೆನರಾ, ಮಲಬಾರು ಸುತ್ತಿದ ಫ್ರಾನ್ಸಿಸ್ ಬುಕನನ್ ಈ ಕಲ್ಲನ್ನು ಕಂಡು, 1807ರಲ್ಲಿ ಅಚ್ಚಾದ ತನ್ನ ಪ್ರವಾಸದ ಗ್ರಂಥದಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಮಾತಿನಿಂದ. ನೆಲದೊಳಗೆ ಮೆತ್ತಗಿರುವ ಅದು ಗಾಳಿ ಬಿಸಿಲಿಗೆ ತೆರೆದುಕೊಂಡರೆ ಗಟ್ಟಿಯಾಗುತ್ತದೆ. ಅಡಿಯಲ್ಲಿರುವ ಶೇಡಿಮಣ್ಣನ್ನು ಬಕೆಟ್ಟಿನಿಂದ ಬೆಣ್ಣೆಯಂತೆ ತೆಗೆಯಬಹುದು, ಆದರೆ ಮೇಲಿನ ಹೊದಿಕೆಗೆ ಬ್ರೇಕರ್ ಬೇಕು. ಅದರ ಉಳಿ ನಿಮಿಷಕ್ಕೆ ನೂರಾರು ಸಲ ಕಲ್ಲಿಗೆ ಹೊಡೆಯುತ್ತದೆ. ಹೊಡೆತದ ಒಂದು ಪಾಲು ಕಲ್ಲಿಗೆ ಹೋದರೆ ಇನ್ನೊಂದು ಪಾಲು ಬೂಮಿನ ಮೂಲಕ ಹಿಂದಕ್ಕೆ, ಯಂತ್ರದ ಒಂದೊಂದು ಬೋಲ್ಟಿಗೂ ಬರುತ್ತದೆ.

“ಬಿಸಿ ಮತ್ತು ನಡುಕ” ಎಂದರು ಮಾಮ. ಪುಟ ತಿರುವಿದರು. ಆಮೇಲೆ ಒಂದು ಸಾಲಿನ ಮೇಲೆ ಅವರ ಬೆರಳು ನಿಂತಿತು.

‘ಟಕ್ ಅಂತು. ಹೆಡ್‌ಲೈಟ್ ಹಚ್ಚಿ ನೋಡಿದೆ, ಡಿಮ್ ಆಗಲಿಲ್ಲ. ನಾಲ್ಕೈದು ಸಲ ಚಾವಿ ತಿರುವಿದೆ. ಆಕ್ಸಿಲರೇಟರ್ ವಾಯರ್ ಮುಟ್ಟಿದರೆ ಸುಡತೈತಿ.’

“ಇದು ಯಾವಾಗ?”

“ಮೊನ್ನೆ ಮಂಗಳವಾರ್ರಿ. ಬಾನೆಟ್ ತೆಗೆದು ನೋಡಾಕ ಹೋಗಿದ್ದೆ. ಕೈ ತಾಗಿ ಚುರ್ ಅಂತು. ಎಂಜಿನ್ ಬಿಸಿಗೆ ಇರಬೇಕು ಅಂದ್ಕೊಂಡೆ.”

“ಎಂಜಿನ್ ಬಿಸಿಗೆ ವಾಯರಿನ ಒಂದು ತುದಿ ಬಿಸಿ ಆಗಬಹುದು. ಉದ್ದಕ್ಕೂ ಬಿಸಿ ಇತ್ತಾ?”

ಹುಡುಗ ಸ್ವಲ್ಪ ಯೋಚಿಸಿದ. “ಉದ್ದಕ್ಕೂ ಇತ್ರಿ. ಕ್ಯಾಬಿನ್ ಕಡೀ ತುದೀಗೂ.”

ಮಾಮ ಪುಸ್ತಕ ಮುಚ್ಚಿದರು. “ಸಿಕ್ಕಿತು ಮಾರಾಯ್ರೆ. ಇನ್ನು ನೋಡಿ ಖಾತ್ರಿ ಮಾಡುವುದು ಮಾತ್ರ.”

ಸಿಕ್ಕಿದ್ದು ಏನೆಂದು ನನಗೆ ತಿಳಿಯಲಿಲ್ಲ. ಅವರು ನೆಲದ ಮೇಲೆ ಕಡ್ಡಿಯಲ್ಲಿ ಗೆರೆ ಎಳೆದು ತೋರಿಸಿದರು. ಬ್ಯಾಟರಿಯ ಪ್ಲಸ್‌ನಿಂದ ಹೊರಟ ಕರೆಂಟು ಹೆಬ್ಬೆರಳು ದಪ್ಪದ ಕೇಬಲಿನಲ್ಲಿ ಸೆಲ್ಫ್‌ಗೆ ಬರುತ್ತದೆ. ವಾಪಸ್ ಹೋಗಲು ಅದಕ್ಕೆ ಬೇರೆ ಕೇಬಲ್ ಇಲ್ಲ. ಸೆಲ್ಫ್‌ನ ಮೈಯಿಂದ ಎಂಜಿನ್ನಿನ ಮೈಗೆ, ಅಲ್ಲಿಂದ ಚಾಸಿಗೆ, ಚಾಸಿಯಿಂದ ಬ್ಯಾಟರಿಯ ಮೈನಸ್‌ಗೆ ಅದರ ದಾರಿ. ಆದರೆ ಎಂಜಿನ್ ಚಾಸಿಯ ಮೇಲೆ ನೇರ ಕೂತಿಲ್ಲ, ನಡುಕ ತಡೆಯಲೆಂದು ರಬ್ಬರಿನ ದಿಂಬುಗಳ ಮೇಲೆ ಕೂತಿದೆ. ರಬ್ಬರಿನಲ್ಲಿ ಕರೆಂಟು ಹೋಗುವುದಿಲ್ಲ. ಅದಕ್ಕಾಗಿ ಎಂಜಿನ್ನಿಗೂ ಚಾಸಿಗೂ ನಡುವೆ ತಾಮ್ರದ ಹೆಣಿಗೆಯ ಒಂದು ಪಟ್ಟಿಯನ್ನು ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಅದು ಅರ್ಥ್ ಪಟ್ಟಿ. ಆ ಪಟ್ಟಿ ಕೈಕೊಟ್ಟರೆ ಕರೆಂಟು ಬೇರೆ ದಾರಿ ಹುಡುಕುತ್ತದೆ. ಎಂಜಿನ್ನಿನಿಂದ ಕ್ಯಾಬಿನ್ನಿಗೆ ಹೋಗುವ ಇನ್ನೊಂದು ಕಬ್ಬಿಣ ಯಾವುದು? ಆಕ್ಸಿಲರೇಟರಿನ ಉಕ್ಕಿನ ವಾಯರ್. ತೆಳು ವಾಯರಿಗೆ ಅಷ್ಟು ಹೊರೆ ಬಿದ್ದರೆ ಅದು ಕಾಯದೆ ಇನ್ನೇನು? ಹೆಡ್‌ಲೈಟ್ ಮಂಕಾಗದ್ದಕ್ಕೂ ಇದೇ ಉತ್ತರ. ಬ್ಯಾಟರಿಗೆ ಶಕ್ತಿ ಇದೆ, ಕೊಡಲು ದಾರಿ ಇಲ್ಲ. ಬ್ಯಾಟರಿಯೇ ಸೋತಿದ್ದರೆ ಚಾವಿ ತಿರುವಿದ ಕೂಡಲೇ ದೀಪ ಕಣ್ಣು ಮುಚ್ಚುತ್ತಿತ್ತು.

ಇದೆಲ್ಲ ಇನ್ನೂ ತರ್ಕ ಮಾತ್ರ. ಮಾಮ ಅದನ್ನು ನಂಬಿ ಸ್ಪ್ಯಾನರ್ ಎತ್ತಲಿಲ್ಲ. ಯಂತ್ರ ಆಗ ತಣ್ಣಗಿತ್ತು, ಆರೋಗ್ಯವಾಗಿತ್ತು. ರೋಗ ಇಲ್ಲದ ಹೊತ್ತಲ್ಲಿ ನೋಡಿದರೆ ಎಂತ ಕಾಣುತ್ತದೆ ಎಂದರು. ಭಾನುವಾರ ಬೇಕೆಂದೇ ಬ್ರೇಕರ್ ಕಟ್ಟಿದೆವು, ಮೂರು ಗಂಟೆ ಕಲ್ಲು ಒಡೆಸಿದೆವು, ಉಳಿಯನ್ನು ನೆಲಕ್ಕೆ ಊರಿ ಎಂಜಿನ್ ಬಂದ್ ಮಾಡಿ ಇಪ್ಪತ್ತೈದು ನಿಮಿಷ ಕಾದೆವು. ಸೆಕೆಯಲ್ಲಿ ಮೂವರೂ ಬೆವರುತ್ತ, ಅದು ಕೆಡಲಿ ಎಂದು ಹಾರೈಸುತ್ತ.

ಚಾವಿ ತಿರುಗಿತು. ಟಕ್.

ಮಾಮನ ಬಳಿ ಇದ್ದದ್ದು ಮುಳ್ಳಿನ ಹಳೆಯ ಮೀಟರು. ಮೊದಲು ಬ್ಯಾಟರಿಗಳ ಎರಡು ತುದಿಗೆ ಹಿಡಿದರು. ಸುಮ್ಮನಿರುವಾಗ 25 ವೋಲ್ಟು, ಚಾವಿ ತಿರುವಿದಾಗ 24. “ಬ್ಯಾಟರಿ ಬೆವರುವುದೇ ಇಲ್ಲ ನೋಡಿ” ಎಂದರು. ಸೆಲ್ಫ್ ನಿಜವಾಗಿ ದುಡಿದಿದ್ದರೆ ಅದು ಇಪ್ಪತ್ತರ ಹತ್ತಿರಕ್ಕೆ ಇಳಿಯಬೇಕಿತ್ತು. ಆಮೇಲೆ ಬ್ಯಾಟರಿಯ ಪ್ಲಸ್‌ನಿಂದ ಸೆಲ್ಫ್‌ನ ಪ್ಲಸ್‌ಗೆ ಹಿಡಿದರು. ಚಾವಿ. ಮುಳ್ಳು ಅಲುಗಿದ್ದು ಅರ್ಧ ವೋಲ್ಟಿಗಿಂತ ಕಡಿಮೆ, ಆ ದಾರಿ ಚೊಕ್ಕ. ಬ್ಯಾಟರಿಯ ಮೈನಸ್‌ನಿಂದ ಚಾಸಿಗೆ, ಅಲ್ಲೂ ಏನಿಲ್ಲ. ಕೊನೆಗೆ ಒಂದು ತುದಿ ಚಾಸಿಗೆ, ಇನ್ನೊಂದು ಎಂಜಿನ್ನಿನ ಮೈಗೆ.

“ತಿರುವು.”

ಮುಳ್ಳು ಎದ್ದು ಒಂಬತ್ತರ ಆಸುಪಾಸಿನಲ್ಲಿ ನಡುಗುತ್ತ ನಿಂತಿತು.

ಒಂದೇ ಕಬ್ಬಿಣ ಎಂದು ನಾವು ತಿಳಿದಿದ್ದ ಎರಡು ಕಬ್ಬಿಣಗಳ ನಡುವೆ ಒಂಬತ್ತು ವೋಲ್ಟು. ಸೆಲ್ಫ್‌ನ ತಲೆಯ ಮೇಲಿನ ಸೊಲೆನಾಯ್ಡಿಗೆ ಉಳಿದದ್ದು ಹದಿನೈದೇ ವೋಲ್ಟು. ಅದರ ಪ್ಲಂಜರ್ ಅಷ್ಟರಲ್ಲಿ ಹಲ್ಲು ಮುಂದೂಡುವಷ್ಟು ಸರಿದು, ದೊಡ್ಡ ಸಂಪರ್ಕ ಕೂಡಿಸುವಷ್ಟು ಸರಿಯದೆ ನಿಲ್ಲುತ್ತಿತ್ತು. ನಾವು ತಿಂಗಳಿಡೀ ಕೇಳಿದ ಟಕ್ ಅದೇ.

ಇನ್ನೂ ಒಂದು ಪರೀಕ್ಷೆ ಮಾಡಿದರು. ಜಂಪರ್ ಕೇಬಲಿನ ಒಂದು ತುದಿಯನ್ನು ಎಂಜಿನ್ನಿನ ಮೈಗೆ, ಇನ್ನೊಂದನ್ನು ಬ್ಯಾಟರಿಯ ಮೈನಸ್‌ಗೆ ಕಚ್ಚಿಸಿದರು. ಚಾವಿ ತಿರುವಿದ ಕೂಡಲೇ ಎಂಜಿನ್ ಗುಡುಗಿತು. ಬಂದ್ ಮಾಡಿಸಿದರು, ಕೇಬಲ್ ತೆಗೆದರು. ಟಕ್. ಹಾಕಿದರು, ಹೊರಟಿತು. ತೆಗೆದರು, ಟಕ್. ಮೂರು ಸಲ ಹೀಗೆ. ರೋಗವನ್ನು ನಮ್ಮ ಇಷ್ಟದಂತೆ ಬರಿಸಿ, ನಮ್ಮ ಇಷ್ಟದಂತೆ ಕಳಿಸಲು ಬಂದ ಮೇಲಷ್ಟೇ ಅವರು ಹದಿನೇಳರ ಸ್ಪ್ಯಾನರ್ ಕೇಳಿದರು.

ಬೋಲ್ಟ್ ಕೈಯಲ್ಲೇ ತಿರುಗಿತು. ಪಟ್ಟಿಯ ತುದಿಯ ಲಗ್ ಎತ್ತಿದರೆ ಅಡಿಯಲ್ಲಿ ಹಳದಿ ಪೇಂಟು. ಮಳೆಗಾಲಕ್ಕೆ ಮುಂಚೆ ಬೇರೊಂದು ಕಡೆ ಚಾಸಿಗೆ ವೆಲ್ಡಿಂಗ್ ಮಾಡಿಸಿ ಪೇಂಟು ಹೊಡೆಸಿದ್ದೆ. ಪೇಂಟಿನ ಮೇಲೆಯೇ ಲಗ್ ಇಟ್ಟು ಬಿಗಿದಿದ್ದರು. ಬೋಲ್ಟಿನ ಮರೆಗಳಲ್ಲಿ ಮಾತ್ರ ಕಬ್ಬಿಣಕ್ಕೆ ಕಬ್ಬಿಣ ತಾಗಿತ್ತು. ಒಂದು ಮಳೆಗಾಲದ ನೀರು, ಸಮುದ್ರದ ಉಪ್ಪುಗಾಳಿ, ಕೆಂಪುಕಲ್ಲಿನ ಧೂಳು ಸೇರಿ ಅಲ್ಲಿ ತುಕ್ಕು ಕೂತಿತ್ತು. ಬ್ರೇಕರಿನ ನಡುಕ ಬೋಲ್ಟನ್ನು ಸಡಿಲಿಸಿತು. ಎಂಜಿನ್ ನಿಂತ ಮೇಲೆ ಫ್ಯಾನಿನ ಗಾಳಿ ಇಲ್ಲದೆ ಬಾನೆಟ್ಟಿನೊಳಗೆ ಏರುವ ಶಾಖ ಉಳಿದ ಹಿಡಿತವನ್ನೂ ಬಿಡಿಸುತ್ತಿತ್ತು. ಎರಡು ಲೋಹಗಳನ್ನು ಒಂದಕ್ಕೊಂದು ಒತ್ತಿದರೆ ಅವು ಮೈತುಂಬ ತಾಗುವುದಿಲ್ಲ, ಕೆಲವು ಚುಕ್ಕೆಗಳಲ್ಲಿ ಮಾತ್ರ ತಾಗುತ್ತವೆ, ಕರೆಂಟೆಲ್ಲ ಆ ಚುಕ್ಕೆಗಳಲ್ಲೇ ನುಗ್ಗಬೇಕು. ಇದನ್ನು ಜೀವಮಾನವಿಡೀ ಅಳೆದು, 1946ರಲ್ಲಿ ಇಂಗ್ಲಿಷಿನಲ್ಲಿ ದೊಡ್ಡ ಗ್ರಂಥ ಬರೆದವರು ರಾಗ್ನಾರ್ ಹೋಮ್. ನಮ್ಮ ಬೋಲ್ಟಿನಲ್ಲಿ ಆ ಚುಕ್ಕೆಗಳು ಊಟದ ಹೊತ್ತಿಗೆ ಮುಗಿದುಹೋಗುತ್ತಿದ್ದವು.

ಹಾಗಾದರೆ ಸೆಲ್ಫ್, ರಿಲೇ, ಸ್ವಿಚ್ಚು ಬದಲಿಸಿದಾಗಲೆಲ್ಲ ನಾಲ್ಕೈದು ದಿನ ಗುಣ ಕಂಡದ್ದೇಕೆ? ಆ ಕೆಲಸಗಳಿಗಾಗಿ ಕೈ ಹಾಕಿದಾಗಲೆಲ್ಲ ಯಾರೋ ಆ ಪಟ್ಟಿಯನ್ನು ಸರಿಸಿದ್ದರು, ಎಳೆದಿದ್ದರು. ಲಗ್ ಕೊಂಚ ತಿರುಗಿ ತುಕ್ಕನ್ನು ಕೆರೆದು ಹೊಸ ಚುಕ್ಕೆಗಳಲ್ಲಿ ತಾಗುತ್ತಿತ್ತು. ಗುಣ ಮಾಡಿದ್ದು ಕೈ ತಾಗಿದ್ದು, ಹೆಸರು ಬಂದದ್ದು ಹೊಸ ಸಾಮಾನಿಗೆ. ಸಾಮಾನು ಬದಲಿಸಿದ ಯಾರೂ ಸುಳ್ಳು ಹೇಳಿರಲಿಲ್ಲ.

ಈ ಬೋಲ್ಟನ್ನು ಹಿಂದೆ ಒಬ್ಬರು ಪರೀಕ್ಷೆ ಮಾಡಿಯೂ ಇದ್ದರು. ಡಿಜಿಟಲ್ ಮೀಟರು ಹಿಡಿದು, ಎಂಜಿನ್ನಿಗೂ ಚಾಸಿಗೂ ತಾಗಿಸಿ, ಅದು ಕೀಂ ಎಂದದ್ದಕ್ಕೆ ಅರ್ಥ್ ಸರಿ ಇದೆ ಎಂದು ಹೇಳಿ ಹೋಗಿದ್ದರು. ಮೀಟರ್ ಸುಳ್ಳು ಹೇಳಲಿಲ್ಲ, ನಾವು ಕೇಳಿದ ಪ್ರಶ್ನೆ ತಪ್ಪಾಗಿತ್ತು. ಹತ್ತಿಪ್ಪತ್ತು ಓಮ್ ಇದ್ದರೂ ಕೀಂ ಎನ್ನುವ ಮೀಟರುಗಳಿವೆ. ನಮ್ಮ ಲೆಕ್ಕ ನೋಡಿ. ಸೆಲ್ಫ್ ದುಡಿಯುವಾಗ 300 ಆಂಪಿಯರ್ ಕೇಳುತ್ತದೆಂದು ಇಟ್ಟುಕೊಳ್ಳಿ. ದಾರಿಯಲ್ಲೆಲ್ಲೋ ಓಮ್‌ನ ಹತ್ತನೇ ಒಂದು ಪಾಲು ತಡೆ ಇದ್ದರೆ ಅದನ್ನು ದಾಟಲಿಕ್ಕೇ 30 ವೋಲ್ಟು ಬೇಕು. ನಮ್ಮಲ್ಲಿ ಒಟ್ಟು ಇರುವುದೇ 24. ಹಾಗೆಂದರೆ ಮೀಟರಿನ ತಂತಿಗಳಲ್ಲೇ ಇರುವಷ್ಟು ಸಣ್ಣ ತಡೆ ಇಡೀ ಯಂತ್ರವನ್ನು ನಿಲ್ಲಿಸಲು ಧಾರಾಳ ಸಾಕು. ಮೀಟರು ಕಳಿಸುವ ಎಳೆಯಷ್ಟು ಕರೆಂಟು ಆ ಬೋಲ್ಟನ್ನು ಸಲೀಸಾಗಿ ದಾಟುತ್ತದೆ. ಒಬ್ಬನೇ ನಡೆದು ದಾಟಬಹುದಾದ ಅಡಿಕೆ ಮರದ ಸಂಕದ ಮೇಲೆ ದಿಬ್ಬಣವನ್ನು ಕಳಿಸಲಾಗದು. ಕೆಲವೇ ಕ್ಷಣ ಶಕ್ತಿ ಮೀರಿ ದುಡಿಯುವ ಮೋಟಾರಿನ ದಾರಿಯನ್ನು ಅದು ದುಡಿಯುವ ಕ್ಷಣದಲ್ಲೇ ಅಳೆಯಬೇಕು.

ಈ ಲೆಕ್ಕದ ಹಿಂದಿರುವ ಓಮ್ ನಿಯಮವನ್ನು ನಾನು ಓದಿದ್ದೆ. ನಂತೂರಿನ ಪಕ್ಕದಲ್ಲೇ, 1946ರಲ್ಲಿ ಆರಂಭವಾದ ಕರ್ನಾಟಕ ಪಾಲಿಟೆಕ್ನಿಕ್‌ನಲ್ಲಿ, ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಓಮ್ ಅದನ್ನು ಹೇಗೆ ಕಂಡುಕೊಂಡರು ಎಂಬುದನ್ನು ಈ ಘಟನೆಯ ಮೇಲೆಯೇ ಹುಡುಕಿ ಓದಿದ್ದು. ಕಲೋನ್ ಊರಿನ ಶಾಲಾ ಮೇಷ್ಟ್ರು ಗಿಯೋರ್ಗ್ ಸೈಮನ್ ಓಮ್ ಮೊದಲು ಪ್ರಯೋಗ ಮಾಡಿದ್ದು ಆಗಿನ ಕಾಲದ ಬ್ಯಾಟರಿಯಿಂದ. ಅದರ ಶಕ್ತಿ ಗಳಿಗೆಗೊಂದು ಬಗೆ. ಒಮ್ಮೆ ಬಂದ ಅಳತೆ ಇನ್ನೊಮ್ಮೆ ಬರುತ್ತಿರಲಿಲ್ಲ. ಆಮೇಲೆ ಪೊಗೆಂಡಾರ್ಫ್ ಎಂಬ ವಿಜ್ಞಾನಿಯ ಸಲಹೆಯಂತೆ ಬಿಸ್ಮತ್ ಮತ್ತು ತಾಮ್ರವನ್ನು ಜೋಡಿಸಿ, ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟು, ಅದರಿಂದ ಬರುವ ಅಲುಗದ ಕರೆಂಟನ್ನು ಬಳಸಿದರು. ನಿಯಮ ಕಂಡದ್ದು ಆಗ. 1827ರಲ್ಲಿ ಪುಸ್ತಕ ಬಂತು, ಮೊದಲಿಗೆ ಜರ್ಮನಿಯಲ್ಲಿ ಅದಕ್ಕೆ ಮನ್ನಣೆ ಸಿಗಲಿಲ್ಲ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟಿತು. ಓಮ್ ಮಾಡಿದ್ದು ಇಷ್ಟೇ: ಬರುವುದು ಹೋಗುವುದು ಮಾಡುವ ಸಂಗತಿಯನ್ನು ಮೊದಲು ಒಂದೆಡೆ ನಿಲ್ಲಿಸಿಕೊಂಡು ಆಮೇಲೆ ಅಳೆಯುವುದು. ಕಲೋನಿನಲ್ಲಿ ಕುದಿನೀರು ಮತ್ತು ಮಂಜು ಮಾಡಿದ ಕೆಲಸವನ್ನು ನಂತೂರಿನಲ್ಲಿ ಮೂರು ಗಂಟೆಯ ಬ್ರೇಕರ್ ಮತ್ತು ಇಪ್ಪತ್ತೈದು ನಿಮಿಷದ ಕಾಯುವಿಕೆ ಮಾಡಿದವು.

ಪಟ್ಟಿ ಕೂರುವ ಜಾಗದ ಪೇಂಟನ್ನು ಮಾಮ ಮರಳು ಕಾಗದದಲ್ಲಿ ಉಜ್ಜಿ ಬೆಳ್ಳಗೆ ಮಾಡಿದರು. ಲಗ್ಗನ್ನೂ ಉಜ್ಜಿದರು. ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಸವರಿದರು. ಮತ್ತೆ ಚಾವಿ ತಿರುವಿಸಿ ಮೀಟರು ಹಿಡಿದರೆ ಮುಳ್ಳು ಸೊನ್ನೆಯಿಂದ ಏಳಲೇ ಇಲ್ಲ. ಆಕ್ಸಿಲರೇಟರಿನ ವಾಯರನ್ನು ಮಾತ್ರ ಬದಲಿಸಿದೆವು, ಕಾದು ಕಾದು ಅದರ ಒಳ ಹೊದಿಕೆ ಕರಗಿತ್ತು. ಇನ್ನೂ ಸ್ವಲ್ಪ ದಿನ ಬಿಟ್ಟಿದ್ದರೆ ಅದು ತೆರೆದಲ್ಲೇ ಸಿಕ್ಕಿಕೊಂಡು ಇಳಿಜಾರಿನಲ್ಲಿ ಏನಾಗುತ್ತಿತ್ತೋ, ನೆನೆಯಲು ಮನಸ್ಸಾಗುವುದಿಲ್ಲ.

ಯಂತ್ರ ಇಟ್ಟುಕೊಂಡವರಿಗೆ, ಅದಕ್ಕಿಂತ ಹೆಚ್ಚಾಗಿ ಅದರ ಮೇಲೆ ಕೂರುವ ಹುಡುಗರಿಗೆ ಒಂದು ಮಾತು ಹೇಳಲೇಬೇಕು. ಟಕ್ ಎಂದು ನಿಂತಾಗ ಸ್ಕ್ರೂಡ್ರೈವರ್ ಹಾಕಿ ಸೆಲ್ಫ್ ಶಾರ್ಟ್ ಮಾಡಿ ಹೊರಡಿಸುವುದನ್ನು ಸೈಟುಗಳಲ್ಲಿ ಕಂಡಿದ್ದೇನೆ. ಅದು ಲಾಕ್ ಲಿವರಿನ ಕಾವಲನ್ನು ದಾಟಿ ಹೋಗುವ ದಾರಿ. ಸೀಟಿನಲ್ಲಿ ಯಾರೂ ಇಲ್ಲದಾಗ ಎಂಜಿನ್ ಹಿಡಿದುಬಿಡುತ್ತದೆ, ಶಾರ್ಟ್ ಮಾಡಿದವನು ಚೈನಿನ ಪಕ್ಕದಲ್ಲೇ ನಿಂತಿರುತ್ತಾನೆ. ದಯವಿಟ್ಟು ಮಾಡಬೇಡಿ. ಬಕೆಟ್ ನೆಲಕ್ಕೆ ಊರಿ, ಲಿವರ್ ಲಾಕ್ ಮಾಡಿ, ಒಬ್ಬರು ಸೀಟಿನಲ್ಲಿ ಕೂತು ಚಾವಿ ತಿರುವಲಿ, ಇನ್ನೊಬ್ಬರು ಎಂಜಿನ್ನಿನ ಮೈಗೂ ಬ್ಯಾಟರಿಯ ಮೈನಸ್‌ಗೂ ಮೀಟರು ಹಿಡಿಯಲಿ. ಏನನ್ನೂ ಬದಲಿಸುವ ಮೊದಲು ಇಷ್ಟು ನೋಡಿ.

ತೆಗೆದಿಟ್ಟ ಹಳೆಯ ಬ್ಯಾಟರಿಗಳನ್ನು ಚಾರ್ಜ್ ಮಾಡಿ ನೋಡಿದೆ. ಎರಡೂ 12.6 ವೋಲ್ಟ್ ಹಿಡಿದು ನಿಂತವು, ಈಗ ಒಂದು ಟಿಪ್ಪರಿನಲ್ಲಿ ದುಡಿಯುತ್ತಿವೆ. ಹುಡುಗನ ಪುಸ್ತಕ ಸೀಟಿನ ಹಿಂದೆಯೇ ಇದೆ. ಅದರಲ್ಲಿ ಈಗ ಗ್ರೀಸ್ ಹಾಕಿದ ದಿನ, ಡೀಸೆಲ್ ತುಂಬಿದ ದಿನ, ಬ್ರೇಕರ್ ಕಟ್ಟಿದ ದಿನಗಳಿವೆ. ಆ ಭಾನುವಾರದ ಮೇಲೆ ಅವನು ಟಕ್ ಎಂದು ಒಮ್ಮೆಯೂ ಬರೆದಿಲ್ಲ.